ಬೋರ್ಡೋ ಹೊಡೆಯೋಕೆ ಮುಂಚೆ ಎಲೆ ತಿರುಗಿಸಿ ನೋಡಿ

ಪ್ರಶ್ನೆ: ಸರ್, ಅಂಗಳದಲ್ಲಿ ಗುಲಾಬಿ, ಶೇಡ್‌ನೆಟ್ ಕೆಳಗೆ ಆಂಥೂರಿಯಂ ಇದೆ. ಮಳೆ ಹಿಡಿದ ಮೇಲೆ ಗುಲಾಬಿ ಎಲೆಲಿ ಕಪ್ಪು ಚುಕ್ಕೆ ಬಂದು ಹಳದಿಯಾಗಿ ಉದುರ್ತಿದೆ, ಬರೀ ಕಡ್ಡಿ ಉಳಿದಿದೆ. ಆಂಥೂರಿಯಂ ಎಲೆ ಅಂಚು ಕಂದಾಗ್ತಿದೆ. ಕಾಫಿಗೆ ಮಾಡಿದ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಸ್ವಲ್ಪ ಮಿಕ್ಕಿದೆ, ಎರಡಕ್ಕೂ ಹೊಡೀಬಹುದಾ?
- ಓದುಗರು, ಸೋಮವಾರಪೇಟೆ

ಉತ್ತರ: ಬೇಡ, ಆಂಥೂರಿಯಂಗಂತೂ ಖಂಡಿತ ಬೇಡ. ಮೈಲುತುತ್ತದಲ್ಲಿರೋ ತಾಮ್ರ ಆ ಗಿಡಕ್ಕೆ ಆಗಿಬರಲ್ಲ, ಎಲೆ ಹೂವು ಎರಡೂ ಸುಡುತ್ತೆ. ಅಲ್ದೆ ಬೋರ್ಡೋ ಮಾಡಿದ ದಿನವೇ ಖಾಲಿ ಮಾಡ್ಬೇಕು, ಮಿಕ್ಕಿದ್ದು ಕೆಲಸಕ್ಕೆ ಬರಲ್ಲ. ಕೊಡಗಿನಲ್ಲಿ ತೋಟ ಇರೋರ ಮನೆಲಿ ಮೈಲುತುತ್ತ, ಸುಣ್ಣ ಇದ್ದೇ ಇರುತ್ತೆ, ಹಾಗಾಗಿ ಯಾವ ಗಿಡಕ್ಕೆ ಏನೇ ಬಂದ್ರೂ ಕೈ ಮೊದಲು ಅಲ್ಲಿಗೇ ಹೋಗುತ್ತೆ.

ಗುಲಾಬಿದು ಕಪ್ಪು ಚುಕ್ಕೆ ರೋಗ, ಶಿಲೀಂಧ್ರದಿಂದ ಬರೋದು. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ರೆ ಅದಕ್ಕೆ ಸಾಕು, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಗಟ್ಲೆ ಒದ್ದೆನೇ ಇರುತ್ತಲ್ಲ, ಮಳೆ ಹನಿ ಸಿಡಿದು ಕೆಳಗಿನ ಎಲೆಯಿಂದ ಮೇಲಿನ ಎಲೆಗೆ ಹತ್ತುತ್ತೆ. ಅದಕ್ಕೇ ಔಷಧಿಗಿಂತ ಮೊದಲು ಉದುರಿದ ಎಲೆ ಒಂದೂ ಬಿಡದೆ ಆರಿಸಿ ದೂರ ಹೂತುಬಿಡಿ. ಕುಂಡದಲ್ಲಿದ್ರೆ ಬೆಳಕು ಬೀಳೋ ಜಗಲಿಗೆ ತನ್ನಿ, ಸೂರಿನ ನೀರು ಬೀಳೋ ಜಾಗದಲ್ಲಿ ಮಾತ್ರ ಇಡ್ಬೇಡಿ. ಮಳೆ ಹೊಳವಾದಾಗ ಮ್ಯಾಂಕೋಜೆಬ್ ಅನ್ನೋ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ, ಜೊತೆಗೆ ಔಷಧಿ ಎಲೆಗೆ ಹಿಡಿಯೋಕೆ ಹಾಕೋ ಅಂಟು ಸೇರಿಸಿ, ಎಲೆ ಅಡಿಭಾಗಕ್ಕೂ ತಾಗೋ ಹಾಗೆ ಹೊಡೀರಿ, 10-15 ದಿನಕ್ಕೆ ಇನ್ನೊಮ್ಮೆ. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್ ಮರೀಬೇಡಿ. ಚಳಿ-ಮಳೆಲಿ ಬೋರ್ಡೋ ಹೊಡೆದ್ರೆ ಗುಲಾಬಿ ಎಲೆನೂ ಸುಟ್ಟು ಉದುರಬಹುದು. ಅಕ್ಟೋಬರ್‌ಲಿ ಕಡ್ಡಿ ಕತ್ತರಿಸಿದಾಗ ಗಾಯಕ್ಕೆ ಬೋರ್ಡೋ ಪೇಸ್ಟ್ (ಗಟ್ಟಿಯಾಗಿ ಕಲಸಿದ ಬೋರ್ಡೋ) ಹಚ್ಚಿ, ತುದಿಯಿಂದ ಒಣಗಿಕೊಂಡು ಬರೋದನ್ನ ಅದು ತಡೆಯುತ್ತೆ.

ಆಂಥೂರಿಯಂ ವಿಷಯ ನನಗೆ ಹೆಚ್ಚು ಚಿಂತೆ. ಎಲೆ ತಿರುಗಿಸಿ ಬೆಳಕಿಗೆ ಹಿಡೀರಿ. ಅಂಚಲ್ಲಿ ನೀರು ನೆನೆದ ಹಾಗಿನ ಕಲೆ, ಸುತ್ತ ಹಳದಿ ಇದ್ರೆ ಬ್ಯಾಕ್ಟೀರಿಯಾ ರೋಗ ಅಂತ ಅನುಮಾನ ಪಡಿ, ಹಳೇ ಎಲೆ ತೊಟ್ಟು ಬುಡದಿಂದ ಸುಲಭವಾಗಿ ಕಿತ್ತು ಬಂದ್ರೆ ಅದು ಗಿಡದ ಒಳಗೇ ಇಳಿದಿದೆ. ಆಗ ವಾಸಿ ಮಾಡೋ ಔಷಧಿ ಇಲ್ಲ, ಬೇಜಾರಾದ್ರೂ ಗಿಡ, ಕುಂಡದ ಮಣ್ಣು ಸಮೇತ ತೆಗೆದುಹಾಕಿ, ಗೊಬ್ಬರದ ಗುಂಡಿಗೆ ಹಾಕ್ಬೇಡಿ. ಹೂ ಕೊಯ್ಯೋ ಚಾಕುವಿಂದಲೂ ಇದು ಗಿಡದಿಂದ ಗಿಡಕ್ಕೆ ದಾಟುತ್ತೆ, ಒಂದೊಂದು ಗಿಡ ಆದ್ಮೇಲೂ ಸ್ಪಿರಿಟ್‌ಲಿ ಒರೆಸಿ. ನೀರು ಬುಡಕ್ಕೆ ಮಾತ್ರ ಹಾಕಿ. ಬರೀ ಗರಿಗರಿಯಾಗಿ ಒಣಗಿ ಹಳದಿ ಸುತ್ತು ಇಲ್ಲ ಅಂದ್ರೆ ಬಿಸಿಲು ಅಥವಾ ಗೊಬ್ಬರ ಜಾಸ್ತಿಯಾಗಿರಬಹುದು. ಗೊತ್ತಾಗದಿದ್ರೆ ಎಲೆನ ಪೇಪರ್‌ಲಿ ಸುತ್ತಿ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ.

ಪ್ರಶ್ನೆ: ಜನವರಿಲಿ ಮಳೆನೇ ಇರಲ್ಲ, ಆದ್ರೂ ಡೇಲಿಯಾ ಎಲೆ ಮೇಲೆ ಬಿಳಿ ಪೌಡರ್ ಬರುತ್ತೆ, ಯಾಕೆ?
- ಓದುಗರು, ಮಡಿಕೇರಿ

ಉತ್ತರ: ಅದು ಬೂದಿ ರೋಗ, ಇದಕ್ಕೆ ಎಲೆ ಮೇಲೆ ನೀರು ನಿಲ್ಲೋದೇ ಬೇಕಿಲ್ಲ, ಒಣ ಹಗಲು, ಮಂಜಿನ ತಂಪು ರಾತ್ರಿ ಇದ್ರೆ ಆಯ್ತು. ಗಿಡಗಳ ನಡುವೆ ಗಾಳಿ ಆಡೋ ಹಾಗೆ ಬಿಡಿಸಿ, ಯೂರಿಯಾ ಕಮ್ಮಿ ಮಾಡಿ, ಎಳೇ ಚಿಗುರು ಅಂದ್ರೆ ಇದಕ್ಕೆ ಬಲು ಇಷ್ಟ. ನೀರಲ್ಲಿ ಕರಗೋ ಗಂಧಕ ಲೀಟರಿಗೆ 2 ಗ್ರಾಂ, ಬಿಸಿಲು ಏರೋಕೆ ಮುಂಚೆ ಹೊಡೀರಿ. ಬೇವಿನೆಣ್ಣೆ ಹೊಡೆದಿದ್ರೆ ಎರಡು ವಾರ ಬಿಟ್ಟು ಗಂಧಕ ಹೊಡೀರಿ, ಇಲ್ಲಾಂದ್ರೆ ಎಲೆ ಸುಡುತ್ತೆ.