ಕಾರಿನಲ್ಲಿ ಹಂಪಿಗೆ: ದುಡ್ಡು ಸೋರುವುದೆಲ್ಲಿ?

ಪ್ರಶ್ನೆ: ಇಬ್ಬರು ಮಕ್ಕಳೊಂದಿಗೆ ಬೆಂಗಳೂರಿನಿಂದ ಹಂಪಿಗೆ ಕಾರಿನಲ್ಲಿ ಹೊರಟಿದ್ದೇವೆ. ಖರ್ಚು ತಗ್ಗಿಸುವುದು ಹೇಗೆ?

ಉತ್ತರ: ದುಡ್ಡು ಹೆಚ್ಚು ಸೋರುವುದು ದಾರಿಯ ತಿಂಡಿ, ನೀರಿನ ಬಾಟಲಿಗಳಲ್ಲಿ. 20 ಲೀಟರಿನ ಕ್ಯಾನ್ ಡಿಕ್ಕಿಯಲ್ಲಿಡಿ. ಮಧ್ಯಾಹ್ನಕ್ಕೆ ಮೊಸರನ್ನವಾದರೆ, ಅನ್ನ ಉಗುರುಬೆಚ್ಚಗಿರುವಾಗ 2 ಲೋಟ ಕಾಯಿಸಿದ ಹಾಲಿಗೆ 2 ಚಮಚ ಮೊಸರು ಸಾಕು. ಬರೀ ಮೊಸರಲ್ಲಿ ಕಲಸಿದರೆ ಊಟದ ಹೊತ್ತಿಗೆ ಹುಳಿಯಾಗಿ ಮಕ್ಕಳು ಮುಟ್ಟುವುದಿಲ್ಲ.

ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿಸಿ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಪೂರ್ಣ ಭಾರಕ್ಕೆ ಬರೆದಷ್ಟಿರಲಿ. ಕಡಿಮೆಯಾದರೆ ಇಂಧನ ಹೆಚ್ಚು ಕುಡಿಯುತ್ತದೆ. ಫಾಸ್ಟ್‌ಟ್ಯಾಗ್‌ನಲ್ಲಿ ಹಣವಿಲ್ಲದೆ ನಗದು ಕೊಟ್ಟರೆ ಟೋಲ್ ದುಪ್ಪಟ್ಟು.

ಹಂಪಿಯಲ್ಲಿ ವಿಜಯವಿಠ್ಠಲ ದೇವಾಲಯದ ಟಿಕೆಟ್ಟೇ ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ. ಹಾಗಾಗಿ ಎರಡನ್ನೂ ಒಂದೇ ದಿನ ನೋಡಿ, ಟಿಕೆಟ್ ಜೋಪಾನ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.