ಫೀಡ್‌ಬ್ಯಾಕ್ ಕೇಳಬೇಕಾದ್ದು ಸೆಮಿಸ್ಟರ್ ನಡುವೆ

ಪ್ರಶ್ನೆ: ಮಂಡ್ಯದ ಪದವಿ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಬಿ.ಕಾಂ. ಮಕ್ಕಳಿಗೆ ಪಾಠದಲ್ಲಿ ಆಸಕ್ತಿಯೇ ಇಲ್ಲ, ಹಾಜರಾತಿಗಾಗಿ ಬಂದು ಕೂರುತ್ತಾರೆ. ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರಂನಲ್ಲಿ ಮಾತ್ರ ಎಲ್ಲರೂ ‘ವೆರಿ ಗುಡ್’ಗೆ ಟಿಕ್ ಹಾಕುತ್ತಾರೆ. ಇದರಿಂದ ನಾನು ಏನು ತಿಳಿಯಲಿ ಸರ್?
– ಹೆಸರು ಬೇಡ, ಮಂಡ್ಯ

ಉತ್ತರ: ಆ ಫಾರಂನಿಂದ ಏನೂ ತಿಳಿಯುವುದಿಲ್ಲ ಮೇಡಂ. ಅದು ಬೇಕಾಗಿರುವುದು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ತೋರಿಸುವ ಕಡತಕ್ಕೆ. ಅಷ್ಟರಲ್ಲಿ ಪಾಠ ಮುಗಿದಿರುತ್ತದೆ, ಹುಡುಗ ಹೇಳಿದ್ದು ಸರಿಹೋದರೂ ಲಾಭ ಮುಂದಿನ ಬ್ಯಾಚಿಗೆ. ಮೇಲಾಗಿ ಇಂಟರ್ನಲ್ ಮಾರ್ಕ್ಸ್ ನಿಮ್ಮ ಕೈಯಲ್ಲಿದೆ. ಇನ್ನೇನು ಬರೆದಾನು?

ನಾಲ್ಕೈದು ವಾರ ಪಾಠವಾದ ಮೇಲೆ ಕೇಳಿ. ಪೀರಿಯಡ್ಡಿನ ಕೊನೆಯ ಐದು ನಿಮಿಷ ಸಾಕು. ನೋಟ್‌ಬುಕ್ಕಿನಿಂದ ಅರ್ಧ ಹಾಳೆ ಹರಿದುಕೊಳ್ಳಲಿ. ಹೆಸರು, ರಿಜಿಸ್ಟರ್ ನಂಬರ್ ಬೇಡ, ಕನ್ನಡದಲ್ಲೇ ಬರೆಯಲಿ. ‘ಪಾಠ ಹೇಗಿದೆ’ ಎಂದರೆ ‘ಚೆನ್ನಾಗಿದೆ’ ಎಂದೇ ಬರುತ್ತದೆ. ‘ಎಲ್ಲಿಂದ ಅರ್ಥವಾಗಲಿಲ್ಲ? ನಾನು ಯಾವುದನ್ನು ಬದಲಾಯಿಸಬೇಕು?’ ಎಂದು ಕೇಳಿ.

ಮೈಸೂರಿನಲ್ಲಿ ಎಲಾಸ್ಟಿಸಿಟಿ, ಅಂದರೆ ಬೆಲೆ ಬದಲಾದರೆ ಬೇಡಿಕೆ, ಪೂರೈಕೆ ಎಷ್ಟು ಬದಲಾಗುತ್ತವೆ ಎನ್ನುವುದನ್ನು ಪಾಠ ಮಾಡುವಾಗ ನನಗೆ ಬಂದ ಒಂದು ಚೀಟಿ ಇನ್ನೂ ಕಣ್ಣಮುಂದಿದೆ. ‘ಎಲಾಸ್ಟಿಸಿಟಿ ಗ್ರಾಫ್ ಬರೀತೀವಿ ಸಾರ್, ಯಾಕೆ ಬರೀತೀವಿ ಗೊತ್ತಿಲ್ಲ. ಕೇಳಿದ್ರೆ ಇಂಗ್ಲಿಷ್ ಮೀಡಿಯಂನೋರು ನಗ್ತಾರೆ.’ ಪೆನ್ನಿನ ಇಂಕು ಮುಗಿದು ಕೊನೆಯ ಸಾಲು ಪೆನ್ಸಿಲ್ಲಿನಲ್ಲಿತ್ತು. ಇಂಕು ಮುಗಿದರೂ ಹುಡುಗ ಬಿಟ್ಟಿರಲಿಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು. ಮಾರನೇ ದಿನ ಗ್ರಾಫ್ ಪಕ್ಕಕ್ಕಿಟ್ಟು, ‘ಉಪ್ಪಿನ ಬೆಲೆ ಏರಿದರೆ ಸಾರಿಗೆ ಉಪ್ಪು ಕಡಿಮೆ ಹಾಕ್ತಾರಾ? ಸೇಬಿನ ಬೆಲೆ ಏರಿದರೆ?’ ಎಂದು ಶುರುಮಾಡಿದೆ. ಹಿಂದಿನ ಬೆಂಚಿನವರೂ ಬಾಯಿಬಿಟ್ಟರು. ನಿಮಗಂತೂ ಮನೆಬಾಗಿಲಲ್ಲೇ ಕಬ್ಬಿದೆ. ಕಡಿದ ಕಬ್ಬನ್ನು ಒಳ್ಳೆ ಬೆಲೆ ಬರಲಿ ಎಂದು ಗದ್ದೆಯಲ್ಲೇ ಇಟ್ಟುಕೊಳ್ಳಲು ಆಗುವುದಿಲ್ಲ, ತೂಕವೂ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಬೆಲೆ ಬಿದ್ದರೂ ರೈತ ಯಾಕೆ ಮಾರಲೇಬೇಕು ಎನ್ನುವುದನ್ನು ನಿಮ್ಮ ಮಕ್ಕಳೇ ನಿಮಗೆ ಹೇಳಿಕೊಟ್ಟಾರು.

ಚೀಟಿ ಓದಿ ಸುಮ್ಮನಿದ್ದರೆ ಕೇಳದೆ ಇರುವುದೇ ಮೇಲು. ಮುಂದಿನ ಕ್ಲಾಸಿನಲ್ಲೇ ಉತ್ತರ ಕೊಡಿ: ‘ಬೋರ್ಡ್ ಬೇಗ ಒರೆಸ್ತೀರಿ ಅಂದಿದ್ದೀರಿ, ಇನ್ನು ಕೇಳಿಯೇ ಒರೆಸ್ತೀನಿ. ಸಿಲಬಸ್ ಕಡಿಮೆ ಮಾಡಿ ಅಂದಿದ್ದೀರಿ, ಅದು ವಿಶ್ವವಿದ್ಯಾಲಯದ್ದು, ನನ್ನ ಕೈಲಿಲ್ಲ.’ ಮನುಷ್ಯನಿಗೆ ಒಳಗಿನಿಂದ ಉತ್ಸಾಹ ಹುಟ್ಟಲು ಮೂರು ಬೇಕು ಎಂದು ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಹೇಳುತ್ತಾರೆ: ನನ್ನ ಮಾತಿಗೂ ಬೆಲೆಯಿದೆ, ನನ್ನಿಂದ ಆಗುತ್ತದೆ, ಇವರು ನನ್ನವರು ಎನ್ನುವ ಭಾವನೆ. ಬೋರ್ಡ್ ಒರೆಸದೆ ನಿಂತ ಆ ಎರಡು ನಿಮಿಷದಲ್ಲಿ ಮೂರೂ ಸ್ವಲ್ಪ ಸ್ವಲ್ಪ ಸಿಗುತ್ತದೆ.

ಇನ್ನೊಂದು. ಆಸಕ್ತಿಯಿಲ್ಲ ಎಂದು ನಿಮಗೆ ಕಾಣುವುದರಲ್ಲಿ ಎಷ್ಟೋ ಪಾಲು ಬಸ್ಸಿನದೂ ಇರಬಹುದು. ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದ ನಿಂತುಕೊಂಡೇ ಬರುವ ಹುಡುಗಿ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸಿದರೆ ಅದಕ್ಕೆ ಪಾಠ ಕಾರಣವಲ್ಲ. ಅಂಥ ಚೀಟಿ ಬಂದರೆ ಟೈಮ್‌ಟೇಬಲ್ ಬಗ್ಗೆ ಪ್ರಾಂಶುಪಾಲರ ಹತ್ತಿರ ಮಾತಾಡಿ.

ಮನಸ್ಸು ನೋಯಿಸುವ ಚೀಟಿಯೂ ಒಂದೆರಡು ಬರುತ್ತವೆ. ಅಕ್ಷರ ಯಾರದು ಎಂದು ಹುಡುಕಬೇಡಿ. ಚೀಟಿಗಳನ್ನು ಕ್ಲಾಸ್ ರೆಪ್ ಕೈಯಲ್ಲಿ ಸಂಗ್ರಹಿಸಬೇಡಿ, ಮೇಜಿನ ಮೇಲೊಂದು ಡಬ್ಬ ಇಡಿ. ಇಂಟರ್ನಲ್ ಮಾರ್ಕ್ಸ್ ಕೊಡುವ ವಾರ ಮಾತ್ರ ಕೇಳಲೇಬೇಡಿ, ಆಗ ಪಾಠದ ಮಾತು ಬಿಟ್ಟು ಮಾರ್ಕಿನ ಮಾತೇ ಬರುತ್ತದೆ.