ಮಾನವಶಾಸ್ತ್ರದಲ್ಲಿ ಎಂ.ಎ. ಮಾಡಬಹುದಾ? ಶಿರಾ ಕಡೆಯಿಂದ ಹೋಗಿ ಓದಿದವಳ ಉತ್ತರ

ನಿಮ್ಮ ಪ್ರಶ್ನೆ ಓದಿದೆ. ತುಮಕೂರಿನಲ್ಲಿ ಬಿ.ಎ. ಮುಗಿಸಿದ್ದೀರಿ, ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಓದಿದ್ದೀರಿ. ಈಗ ಮಾನವಶಾಸ್ತ್ರದಲ್ಲಿ, ಅಂದರೆ ಮನುಷ್ಯರ ದೇಹ, ಬದುಕು, ಸಂಸ್ಕೃತಿ ಓದುವ ಆಂಥ್ರೊಪಾಲಜಿಯಲ್ಲಿ, ಮಾಸ್ಟರ್ಸ್ ಮಾಡುವ ಆಸೆ ಇದೆ, ಮನೆಯಲ್ಲಿ ಬಿ.ಎಡ್. ಮಾಡು ಅಂತಿದ್ದಾರೆ, ಇದನ್ನು ಓದಿದರೆ ಏನು ಸಿಗುತ್ತೆ ಅಂತ ಹೇಳುವವರೇ ಇಲ್ಲ ಅಂತ ಬರೆದಿದ್ದೀರಿ. ನಾನು ಶಿರಾ ತಾಲೂಕಿನವಳು. ನಾನೂ ಇದೇ ಗೊಂದಲದಲ್ಲಿ ಆರು ತಿಂಗಳು ಮನೆಯಲ್ಲಿ ಕೂತಿದ್ದೆ. ಆಮೇಲೆ ಮೈಸೂರಿಗೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಇದೇ ವಿಷಯ ಓದಿದೆ.

ಜನರ ಹತ್ತಿರ ಹೋಗಿ ಕೂತು, ಅವರು ಹೇಳೋದನ್ನು ಗಂಟೆಗಟ್ಟಲೆ ಕೇಳಿಸಿಕೊಳ್ಳೋದು ನಿಮಗೆ ಬೇಸರ ಇಲ್ಲ ಅಂದರೆ ಖಂಡಿತ ಮಾಡಿ. ಪುಸ್ತಕದಲ್ಲಿ ಬುಡಕಟ್ಟು, ಸಂಸ್ಕೃತಿ, ಆಚರಣೆ ಅಂತೆಲ್ಲ ಓದಿ ಚೆನ್ನಾಗಿದೆ ಅನ್ನಿಸಿದ್ದಷ್ಟೇ ಕಾರಣ ಆದರೆ ಸ್ವಲ್ಪ ತಾಳಿ, ಯೋಚನೆ ಮಾಡಿ. ಈ ಓದಿನ ಜೀವ ಇರೋದು ಫೀಲ್ಡ್‌ವರ್ಕ್‌ನಲ್ಲಿ, ಅಂದರೆ ಜನರ ನಡುವೆ ಹೋಗಿ ಇದ್ದು ಮಾಡುವ ಅಧ್ಯಯನದಲ್ಲಿ.

ಮೊದಲು ಓದಿನ ವಿಷಯ. ಇದು ಎರಡು ವರ್ಷದ ಕೋರ್ಸು, ನಾಲ್ಕು ಸೆಮಿಸ್ಟರ್. ನಮ್ಮ ರಾಜ್ಯದಲ್ಲಿ ಮೈಸೂರು ವಿಶ್ವವಿದ್ಯಾಲಯ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಕ್ಕೇ ಬೇರೆ ವಿಭಾಗ ಇದೆ. ಹೊರಗೆ ಹೋಗುವ ಹಾಗಿದ್ದರೆ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ, ಪಾಂಡಿಚೇರಿ. ಮನೆ ಬಿಟ್ಟು ಹೋಗೋಕೆ ಆಗಲ್ಲ ಅಂದರೆ ಇಗ್ನೋದಲ್ಲಿ ದೂರಶಿಕ್ಷಣದ ಎಂ.ಎ. ಇದೆ. ಕೆಲವು ಕಡೆ ಪದವಿ ಎಂ.ಎ. ಅಂತ, ಕೆಲವು ಕಡೆ ಎಂ.ಎಸ್ಸಿ. ಅಂತ ಕೊಡುತ್ತಾರೆ. ಯಾವ ಡಿಗ್ರಿಯವರಿಗೆ ಯಾವುದು ಸಿಗುತ್ತೆ ಅಂತ ಆ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಸಮಾಜಶಾಸ್ತ್ರ ಓದಿದವರು ಇಲ್ಲಿಗೆ ಬಂದಾಗ ಮೊದಲು ಹೆದರೋದು ಲ್ಯಾಬ್ ನೋಡಿ. ಮನುಷ್ಯನ ದೇಹದ 206 ಮೂಳೆ ಗುರುತಿಸಬೇಕು, ತಲೆಬುರುಡೆ ಅಳೆಯಬೇಕು, ಬೆರಳಚ್ಚಿನ ಸುಳಿ ಎಣಿಸಬೇಕು. ಅದರ ಜೊತೆಗೆ ಹಳೇ ಶಿಲಾಯುಗದ ಕಲ್ಲಿನ ಕೊಡಲಿಯ ಚಿತ್ರ ಬರೆಯೋದು. ಕಿಬ್ಬನಹಳ್ಳಿ ಗೊತ್ತಲ್ವಾ, ತಿಪಟೂರು ತಾಲೂಕಿನದು? ಬಸ್ಸಿನಲ್ಲಿ ಎಷ್ಟೋ ಸಲ ದಾಟಿ ಹೋಗಿದ್ದ ಊರು. ಅದು ಹಳೇ ಶಿಲಾಯುಗದ ಆಯುಧಗಳು ಸಿಕ್ಕ ಜಾಗ ಅಂತ ನನಗೆ ಗೊತ್ತಾಗಿದ್ದು ಕ್ಲಾಸಿನಲ್ಲಿ. ಆವತ್ತು ರಾತ್ರಿ ಮನೆಗೆ ಫೋನ್ ಮಾಡಿ ಅಪ್ಪನಿಗೆ ಇದನ್ನೇ ಅರ್ಧ ಗಂಟೆ ಹೇಳಿದ್ದೆ.

ಅಳತೆಯ ವಿಷಯದಲ್ಲಿ ಒಂದು ಮಾತು. ಈ ಶಾಸ್ತ್ರಕ್ಕೆ ಕೆಟ್ಟ ಇತಿಹಾಸವೂ ಇದೆ. 1901ರ ಜನಗಣತಿಯ ಮುಖ್ಯಸ್ಥರಾಗಿದ್ದ ರಿಸ್ಲೆ ಅನ್ನುವ ಬ್ರಿಟಿಷ್ ಅಧಿಕಾರಿ, ಜನರ ಮೂಗಿನ ಅಗಲ ಉದ್ದ ಅಳೆದು ಅದಕ್ಕೂ ಜಾತಿಯ ಮೇಲು ಕೀಳಿಗೂ ಗಂಟು ಹಾಕಲು ನೋಡಿದ. ಅದನ್ನೂ ಪಾಠದಲ್ಲಿ ಓದುತ್ತೀರಿ. ಓದಲೇಬೇಕು. ಅಳತೆಪಟ್ಟಿ ಹಿಡಿದುಕೊಂಡು ಒಬ್ಬರ ಮುಂದೆ ನಿಲ್ಲುವ ಮೊದಲು, ಇದೇ ಪಟ್ಟಿ ಹಿಡಿದು ಹಿಂದೆ ಏನೆಲ್ಲ ಮಾಡಿದ್ದರು ಅಂತ ಗೊತ್ತಿರಬೇಕು.

ಈಗ ಫೀಲ್ಡ್‌ವರ್ಕ್. ನನ್ನ ಡೆಸರ್ಟೇಶನ್‌ಗೆ, ಅಂದರೆ ಎಂ.ಎ.ಗೆ ಬರೆಯುವ ಸಂಶೋಧನಾ ಪ್ರಬಂಧಕ್ಕೆ, ಆರಿಸಿಕೊಂಡಿದ್ದು ನಮ್ಮೂರಿಂದ ಹನ್ನೆರಡು ಕಿಲೋಮೀಟರ್ ದೂರದ ಒಂದು ಗೊಲ್ಲರಹಟ್ಟಿ. ಕುರಿ ಸಾಕುವ ಕಾಡುಗೊಲ್ಲ ಸಮುದಾಯದವರ ಹಟ್ಟಿ, ಅಂದರೆ ಬೇಲಿ ಹಾಕಿಕೊಂಡ ಅವರ ಕೇರಿ. ಶಿರಾ, ಚಿಕ್ಕನಾಯಕನಹಳ್ಳಿ, ಪಾವಗಡ ಕಡೆ ಇಂಥ ಹಟ್ಟಿಗಳು ಬಹಳ ಇವೆ. ಆ ಹಟ್ಟಿಯ ಜನ ನಮ್ಮೂರ ಅಂಗಡಿಗೆ ಬರುತ್ತಿದ್ದರು, ಅಲ್ಲಿನ ಹುಡುಗಿಯೊಬ್ಬಳು ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಆದರೂ ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲವೂ ನಾನು ಆ ಹಟ್ಟಿಯೊಳಗೆ ಕಾಲಿಟ್ಟಿರಲಿಲ್ಲ.

ಮುಟ್ಟಾದ ಹೆಂಗಸರು, ಬಾಣಂತಿಯರು ಹಟ್ಟಿಯಿಂದ ಆಚೆ ಇರುವ ಪದ್ಧತಿ ಬಗ್ಗೆ ನೀವೂ ಪೇಪರಿನಲ್ಲಿ ಓದಿರುತ್ತೀರಿ. ನಾನು ಅದನ್ನೇ ವಿಷಯ ಮಾಡಿಕೊಂಡು, ನಲವತ್ತು ಪ್ರಶ್ನೆಗಳ ಒಂದು ಪಟ್ಟಿ ಸಿದ್ಧ ಮಾಡಿಕೊಂಡು ಹೋದೆ. ಮೊದಲ ನಾಲ್ಕು ದಿನ ಎಲ್ಲರೂ ಒಂದೇ ಉತ್ತರ ಕೊಟ್ಟರು. 'ಅವೆಲ್ಲ ಹಳೇ ಕಾಲದ್ದು ಕಣಮ್ಮ, ಈಗ ಏನಿಲ್ಲ.' ನಾನು ಬರೆದುಕೊಂಡೆ. ನಲವತ್ತು ಪ್ರಶ್ನೆಗೆ ನಲವತ್ತು ಉತ್ತರ ತುಂಬಿದ ಹಾಳೆಗಳು, ನೋಡೋಕೆ ಅಚ್ಚುಕಟ್ಟಾಗಿದ್ದವು, ಆದರೆ ಒಳಗೆ ಏನೂ ಇರಲಿಲ್ಲ. ಅಧಿಕಾರಿಗಳು, ಟೀವಿಯವರು, ಸಂಘದವರು ಬಂದು ಬಂದು ಕೇಳಿ ಹೋಗಿದ್ದಾರೆ, ಯಾರಿಗೆ ಯಾವ ಉತ್ತರ ಕೊಟ್ಟರೆ ಬೇಗ ಎದ್ದು ಹೋಗುತ್ತಾರೆ ಅಂತ ಹಟ್ಟಿಯವರಿಗೆ ಚೆನ್ನಾಗಿ ಗೊತ್ತಿತ್ತು.

ಐದನೇ ದಿನ ಪಟ್ಟಿಯನ್ನು ಬ್ಯಾಗಿನಲ್ಲಿಟ್ಟು ಒಬ್ಬ ಅಜ್ಜಿಯ ಹಿಂದೆ ಕುರಿ ಮೇಯಿಸೋಕೆ ಹೋದೆ. ಸುಮ್ನೆ ಹೋದೆ. ಅವತ್ತು ಅಜ್ಜಿ ಹೇಳಿದ್ದು ಕುರಿಯ ಬಗ್ಗೆ, ಸೊಸೆಯ ಬಗ್ಗೆ, ಬೋರ್‌ವೆಲ್ ಬತ್ತಿದ್ದರ ಬಗ್ಗೆ. ಕಾಡುಗೊಲ್ಲರ ದೈವ ಜುಂಜಪ್ಪನ ಕಥೆಯ ಒಂದು ತುಂಡು ಹೇಳಿದಳು. ಆ ಕಥೆ ಹಾಡುವಾಗ ಊದುವ ಉದ್ದನೆಯ ಕೊಳಲು ಗಣೆ, ಅದನ್ನು ಊದುವವರು ಈಗ ಎಷ್ಟು ಜನ ಉಳಿದಿದ್ದಾರೆ ಅಂತ ಬೆರಳು ಮಡಚಿ ಲೆಕ್ಕ ಹಾಕಿದಳು. ಸಂಜೆ ವಾಪಸ್ ಬರುವಾಗ, ಹಟ್ಟಿಯ ಬೇಲಿಯ ಆಚೆ, ಒಂದು ಸಣ್ಣ ಗುಡಿಸಲ ಮುಂದೆ ಇಬ್ಬರು ಹೆಂಗಸರು ಕೂತಿದ್ದರು. ಅಜ್ಜಿ ಏನೂ ಮುಚ್ಚಿಡಲಿಲ್ಲ. 'ಅವ್ರು ಹೊರಗಾಗವ್ರೆ' ಅಂದು ಮುಂದೆ ನಡೆದಳು. ನಾನು ಅಲ್ಲೇ ನಿಂತು ಅವರ ಜೊತೆ ಮಾತಾಡಿದೆ. ಆಮೇಲೆ ಮೂರು ವಾರ ದಿನಾ ಸಂಜೆ ಮಾತಾಡಿದೆ.

ಅಲ್ಲಿ ಕೇಳಿದ್ದು ಯಾವ ಪೇಪರಿನಲ್ಲೂ ನಾನು ಓದಿರಲಿಲ್ಲ. ಚಳಿಯಲ್ಲಿ, ಮಳೆಯಲ್ಲಿ ಹಸುಗೂಸು ಕಟ್ಟಿಕೊಂಡು ಆ ಗುಡಿಸಲಲ್ಲಿ ಇರುವ ಕಷ್ಟ ಹೇಳುವಾಗ ಒಬ್ಬಳು ಅತ್ತಳು. ಅದೇ ಹೆಂಗಸು ಇನ್ನೊಂದು ದಿನ, ವರ್ಷದಲ್ಲಿ ತನಗೆ ಕೆಲಸ ಇಲ್ಲದ ದಿನ ಅಂದರೆ ಇವಷ್ಟೇ ಅಂದಳು. ಇನ್ನೊಬ್ಬಳು, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಇದ್ದಾಗ ಇದೇನನ್ನೂ ಮಾಡುತ್ತಿರಲಿಲ್ಲ, ಹಟ್ಟಿಗೆ ಬಂದರೆ ಮಾತ್ರ ಮಾಡುತ್ತೇನೆ, ಏನಾದರೂ ಕೆಟ್ಟದ್ದಾದರೆ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಾರೆ ಅಂದಳು. ಈ ಪದ್ಧತಿ ನಿಲ್ಲಬೇಕು ಅನ್ನೋದರಲ್ಲಿ ನನಗೆ ಯಾವತ್ತೂ ಎರಡು ಮಾತಿಲ್ಲ. ಆದರೆ ಮೂಢನಂಬಿಕೆ ಅಂತ ಒಂದು ಪದ ಹಾಕಿ ಮುಗಿಸಿಬಿಟ್ಟರೆ, ಈ ಮೂರು ಮಾತುಗಳಲ್ಲಿ ಒಂದೂ ನಮ್ಮ ಕಿವಿಗೆ ಬೀಳೋದಿಲ್ಲ. ಕೆಲವು ಹಟ್ಟಿಗಳ ಹತ್ತಿರ ಸರ್ಕಾರವೇ ಇವರಿಗಾಗಿ ಕಟ್ಟಡ ಕಟ್ಟಿಸಿದೆ. ಅದು ಒಳ್ಳೆಯದಾ, ಅಥವಾ ಆಚೆ ಕೂರೋದಕ್ಕೆ ಸರ್ಕಾರಿ ಮುದ್ರೆ ಒತ್ತಿದ ಹಾಗಾ? ಹಟ್ಟಿಯ ಹೆಂಗಸರೇ ಇದರ ಮೇಲೆ ಜಗಳ ಆಡೋದನ್ನು ನಾನು ಕೂತು ಕೇಳಿದ್ದೇನೆ. ನನ್ನ ಡೆಸರ್ಟೇಶನ್‌ನ ಒಳ್ಳೆಯ ಅಧ್ಯಾಯ ಆ ಜಗಳವೇ.

ಅವರ ಹೆಸರು, ಹಟ್ಟಿಯ ಹೆಸರು ಎಲ್ಲೂ ಬರೆದಿಲ್ಲ, ಫೋಟೋ ತೆಗೆದಿಲ್ಲ. ನೀವೂ ಮೊದಲ ದಿನದಿಂದಲೇ ಇದನ್ನು ರೂಢಿ ಮಾಡಿಕೊಳ್ಳಿ. ಒಬ್ಬರು ನಂಬಿ ಹೇಳಿದ ಮಾತು ಅವರ ಊರಿನಲ್ಲೇ ಅವರಿಗೆ ತೊಂದರೆ ತರಬಾರದು.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳಲ್ಲ, ನಾನು ಹೇಳುತ್ತೇನೆ. ನಿಮ್ಮ ಜಾತಿ ಯಾವುದು ಅನ್ನೋದು ಫೀಲ್ಡ್‌ನಲ್ಲಿ ನಿಮಗಿಂತ ಮೊದಲೇ ಹೋಗಿ ಕೂತಿರುತ್ತೆ. ನನ್ನ ದಲಿತ ಗೆಳತಿಯೊಬ್ಬಳನ್ನು ಒಂದು ಊರಿನಲ್ಲಿ ಜಗುಲಿಯಿಂದ ಒಳಗೆ ಬಿಡಲಿಲ್ಲ. ಇಪ್ಪತ್ತು ದಿನ ಅಂಗಳದಲ್ಲೇ ನಿಂತು ಕೆಲಸ ಮಾಡಿದಳು. ನನಗೆ ಅದೇ ಥರದ ಊರಿನಲ್ಲಿ ಕರೆದು ಕಾಫಿ ಕೊಟ್ಟಿದ್ದರು. ಹೆಸರಾಂತ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಂಥವರೂ 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯಲ್ಲಿ ಫೀಲ್ಡ್‌ವರ್ಕ್‌ಗೆ ಇದ್ದಾಗ, ತಾವು ಬ್ರಾಹ್ಮಣರಾಗಿದ್ದರಿಂದ ಎಲ್ಲಿಗೆ ಹೋಗೋಕಾಯಿತು, ಎಲ್ಲಿಗೆ ಆಗಲಿಲ್ಲ ಅನ್ನೋದನ್ನು ಬರೆದುಕೊಂಡಿದ್ದಾರೆ. ನೀವು ಏನು ನೋಡಿದಿರಿ ಅಂತ ಬರೆಯುವಾಗ, ಎಲ್ಲಿ ನಿಂತು ನೋಡಿದಿರಿ ಅಂತಲೂ ಬರೆಯಬೇಕಾಗುತ್ತೆ. ಗೆಳತಿಯ ಡೆಸರ್ಟೇಶನ್ ಅಂಗಳದಿಂದ ಕಂಡ ಮನೆಯ ಬಗ್ಗೆಯೇ ಇತ್ತು, ನಮ್ಮ ಬ್ಯಾಚಿನಲ್ಲಿ ಅದರಷ್ಟು ಗಟ್ಟಿಯಾದ ಕೆಲಸ ಇನ್ನೊಂದು ಇರಲಿಲ್ಲ.

ಶ್ರೀನಿವಾಸರ ಹೆಸರು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಹದಿನೆಂಟು ವರ್ಷ ತಿದ್ದಿ ಜೋಡಿಸಿಟ್ಟಿದ್ದ ಆ ಹಳ್ಳಿಯ ಟಿಪ್ಪಣಿಗಳ ಮೂರೂ ಪ್ರತಿ 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸುಟ್ಟು ಹೋದವು. ಅವರು ಕೂತು ನೆನಪಿನಿಂದ ಆ ಊರಿನ ಪುಸ್ತಕ ಬರೆದರು, 1976ರಲ್ಲಿ ಅದು ಬಂತು. ಆರು ತಿಂಗಳ ಹಿಂದೆ ಮಾತಾಡಿಸಿದವರ ಮುಖ ನೆನಪಿಗೆ ಬರದಿದ್ದಾಗೆಲ್ಲ ನನಗೆ ಈ ಸಂಗತಿ ನೆನಪಾಗುತ್ತೆ. ನೀವು ಮಾತ್ರ ಟಿಪ್ಪಣಿಯನ್ನು ಎರಡು ಬೇರೆ ಕಡೆ ಇಡಿ.

ಭಾಷೆಯ ಭಯ ನಿಮಗೂ ಇರಬಹುದು. ಪುಸ್ತಕ ಎಲ್ಲ ಇಂಗ್ಲಿಷ್‌ನಲ್ಲೇ. ಕನ್ನಡ ಮೀಡಿಯಂನಿಂದ ಹೋದ ನನಗೆ ಮೊದಲ ಸೆಮಿಸ್ಟರ್ ತುಂಬಾ ಕಷ್ಟ ಆಯಿತು, ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಎರಡನೇ ಸೆಮಿಸ್ಟರ್‌ಗೆ ಸರಿಹೋಯಿತು. ಆದರೆ ಫೀಲ್ಡ್‌ನಲ್ಲಿ ಟಿಪ್ಪಣಿಯನ್ನು ಕನ್ನಡದಲ್ಲೇ, ಅವರ ಬಾಯಲ್ಲಿ ಬಂದ ಹಾಗೇ ಬರೆಯಿರಿ. ಹಟ್ಟಿ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಒಂದು ಪದ ಸಿಗುತ್ತೆ, ಆದರೆ ಅದರಲ್ಲಿ ಮುಳ್ಳುಬೇಲಿ ಇಲ್ಲ, ಕುರಿರೊಪ್ಪ ಇಲ್ಲ, ಬೇಲಿಯ ಒಳಗೆ ಏನು ಬರಬಹುದು ಏನು ಬರಬಾರದು ಅನ್ನುವ ಕಟ್ಟಳೆ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯವರಿಗೆ ತೆಲುಗೂ ಬರುತ್ತೆ, ಅದು ದೊಡ್ಡ ಆಸ್ತಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಯಾವ ಮಾತಿಗೆ ಯಾವ ಭಾಷೆ ಅನ್ನೋದೇ ಒಂದು ಅಧ್ಯಯನದ ವಿಷಯ.

ವಿಷಯ ಹುಡುಕಿಕೊಂಡು ಯಾವುದೋ ಕಾಡಿಗೇ ಹೋಗಬೇಕು ಅಂತ ಅಂದುಕೊಳ್ಳಬೇಡಿ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವಾಟ್. ಆ ಜಮೀನನ್ನು ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ತೆಗೆದುಕೊಂಡಿದ್ದಾರೆ. ನೆಲ ಇದ್ದವರಿಗೆ ವರ್ಷವರ್ಷ ಗುತ್ತಿಗೆ ಹಣ ಬರುತ್ತೆ. ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ? ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ? ಹೊಲ ಇದ್ದೂ ಉಳುಮೆ ಇಲ್ಲದ ರೈತ ಈಗ ತನ್ನನ್ನು ಏನಂತ ಕರೆದುಕೊಳ್ಳುತ್ತಾನೆ? ಕೋಲಾರದಲ್ಲಿ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆರೆಗೆ ಬರುತ್ತಿದೆ, ಕೆ.ಸಿ. ವ್ಯಾಲಿ ಯೋಜನೆಯದು. ಒಣಗಿದ್ದ ಕೆರೆ ತುಂಬಿತು. ಆ ನೀರಿಗೆ ಗಂಗಮ್ಮನ ಪೂಜೆ ಮಾಡುತ್ತಾರಾ, ಬಟ್ಟೆ ಒಗೆಯುತ್ತಾರಾ, ಮೀನು ಹಿಡಿದು ತಿನ್ನುತ್ತಾರಾ? ಕೆ.ಜಿ.ಎಫ್.ನಲ್ಲಿ ಗಣಿ 2001ರಲ್ಲಿ ಮುಚ್ಚಿತು, ಅಲ್ಲಿನ ಗಣಿ ಕಾರ್ಮಿಕರ ಮಕ್ಕಳು ಮಾರಿಕುಪ್ಪಂನಿಂದ ರೈಲು ಹತ್ತಿ ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಆ ರೈಲಿನ ಬೋಗಿಯಲ್ಲೇ ಒಂದು ಡೆಸರ್ಟೇಶನ್ ಇದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ ಇನ್ನೊಂದಿದೆ.

ಕೆಲಸದ ವಿಷಯ. ಇದರಲ್ಲಿ ಸುಳ್ಳು ಭರವಸೆ ಕೊಡಲ್ಲ. ಕಾಲೇಜು ಲೆಕ್ಚರರ್ ಹುದ್ದೆ ಈ ವಿಷಯಕ್ಕೆ ಬಹಳ ಕಡಿಮೆ, ಯಾಕಂದರೆ ಡಿಗ್ರಿ ಮಟ್ಟದಲ್ಲಿ ಇದನ್ನು ಕಲಿಸುವ ಕಾಲೇಜುಗಳೇ ಕಡಿಮೆ. ಲೆಕ್ಚರರ್ ಅರ್ಹತೆಯ ಪರೀಕ್ಷೆಯಾದ ಯು.ಜಿ.ಸಿ. ನೆಟ್ ಪಾಸು ಮಾಡಿ, ಸಂಶೋಧನೆಗೆ ಸಿಗುವ ಫೆಲೋಶಿಪ್ ಜೆ.ಆರ್.ಎಫ್. ತೆಗೆದುಕೊಂಡರೆ ಪಿಎಚ್.ಡಿ. ದಾರಿ ತೆರೆಯುತ್ತೆ. 1945ರಲ್ಲಿ ಶುರುವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣದ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ, ಬುಡಕಟ್ಟು ಸಂಶೋಧನಾ ಸಂಸ್ಥೆಯೂ ಅಲ್ಲೇ ಇದೆ. ಖಾಯಂ ಹುದ್ದೆಗಳು ಯಾವಾಗಲೋ ಒಮ್ಮೆ ಬರುತ್ತವೆ, ಪ್ರಾಜೆಕ್ಟ್ ಕೆಲಸ ನಡುನಡುವೆ ಸಿಗುತ್ತೆ. ಯಾವುದಾದರೂ ಸಮುದಾಯವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕು ಅಂದಾಗ ಆ ಸಮುದಾಯದ ಬದುಕು, ಆಚರಣೆಗಳ ಕುಲಶಾಸ್ತ್ರೀಯ ಅಧ್ಯಯನ ಅಂತ ಮಾಡಿಸುತ್ತಾರಲ್ಲ, ಅದು ನಮ್ಮವರ ಕೆಲಸವೇ. 2013ರ ಭೂಸ್ವಾಧೀನ ಕಾಯ್ದೆ ಬಂದ ಮೇಲೆ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೂ ಜನ ಬೇಕಾಗುತ್ತಾರೆ. ಐ.ಎ.ಎಸ್. ಪರೀಕ್ಷೆಗೆ ಇದನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವವರು ಬಹಳ, 250 ಅಂಕದ ಎರಡು ಪೇಪರ್. ಬರೀ ಅದಕ್ಕಾಗಿ ಎರಡು ವರ್ಷ ಎಂ.ಎ. ಮಾಡೋದು ಬೇಡ, ಕೋಚಿಂಗ್ ನೋಟ್ಸ್ ಸಾಕು. ನಾನೀಗ ತಾಯಿ-ಮಗುವಿನ ಆರೋಗ್ಯದ ಒಂದು ಪ್ರಾಜೆಕ್ಟಿನಲ್ಲಿದ್ದೇನೆ. ಸಂಬಳ ಹೈಸ್ಕೂಲ್ ಮೇಷ್ಟ್ರಿಗಿಂತ ಕಡಿಮೆ, ಮೂರು ವರ್ಷಕ್ಕೊಮ್ಮೆ ಕಾಂಟ್ರಾಕ್ಟ್ ಬದಲಾಗುತ್ತೆ. ಆದರೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗೋಕೆ ನನಗೆ ಒಂದು ದಿನವೂ ಬೇಸರ ಬಂದಿಲ್ಲ.

ಮನೆಯವರಿಗೆ ಏನು ಹೇಳೋದು? ಅವರ ಭಯ ಸುಳ್ಳಲ್ಲ. ಹೈಸ್ಕೂಲಿನಲ್ಲಿ ಮಾನವಶಾಸ್ತ್ರ ಅನ್ನೋ ವಿಷಯ ಇಲ್ಲ, ಹಾಗಾಗಿ ಮೇಷ್ಟ್ರ ಕೆಲಸಕ್ಕೆ ಈ ಎಂ.ಎ. ಉಪಯೋಗಕ್ಕೆ ಬರಲ್ಲ. ಆದರೆ ನಿಮ್ಮ ಬಿ.ಎ.ಯಲ್ಲಿ ಕನ್ನಡ, ಇತಿಹಾಸ ಇದೆ, ಬಿ.ಎಡ್. ಅನ್ನು ಎರಡು ವರ್ಷ ಬಿಟ್ಟೂ ಮಾಡಬಹುದು. ನಾನು ಅಮ್ಮನಿಗೆ ಇದನ್ನೇ ಹೇಳಿದೆ. ಅವಳು ಒಪ್ಪಿದ್ದು ಮಾತ್ರ ಬೇರೆ ಕಾರಣಕ್ಕೆ. ಫೀಲ್ಡ್‌ವರ್ಕ್ ಸಮಯದಲ್ಲಿ ಒಂದು ದಿನ ನನ್ನ ಜೊತೆ ಹಟ್ಟಿಗೆ ಬಂದಳು, ಆ ಅಜ್ಜಿ ಜೊತೆ ಸಂಜೆತನಕ ಕೂತು ಮಾತಾಡಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ, 'ಇಷ್ಟು ಹತ್ರ ಇದ್ದು ನಾವು ಇವರನ್ನ ಒಂದಿನಾನೂ ಮಾತಾಡಿಸಿಲ್ವಲ್ಲೇ' ಅಂದಳು.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ತಾಲೂಕಿನ ಒಂದು ಸಂತೆಗೆ ಹೋಗಿ. ತರಕಾರಿ ಮಾರುವ ಒಬ್ಬ ಹೆಂಗಸಿನ ಪಕ್ಕ, ಅವರನ್ನು ಕೇಳಿ, ಬೆಳಗ್ಗೆಯಿಂದ ಸಂತೆ ಏಳುವತನಕ ಕೂತಿರಿ. ಪ್ರಶ್ನೆ ಜಾಸ್ತಿ ಕೇಳಬೇಡಿ, ಗಿರಾಕಿ ಬಂದಾಗ ಸುಮ್ಮನಿರಿ, ಚೀಲ ಎತ್ತೋಕೆ ಕೈ ಕೊಡಿ. ಮನೆಗೆ ಬಂದು ಆವತ್ತೇ ರಾತ್ರಿ ಕೇಳಿದ್ದು ನೋಡಿದ್ದು ಎಲ್ಲ ಬರೆಯಿರಿ, ಎಷ್ಟು ಪುಟ ಆದರೂ ಸರಿ. ಒಂದು ವಾರ ಬಿಟ್ಟು ಅದನ್ನು ಓದಿ. ಛೇ, ಇದೊಂದು ಕೇಳಲೇ ಇಲ್ಲವಲ್ಲ ಅಂತ ಅನ್ನಿಸಿ ಮುಂದಿನ ಸಂತೆಗೆ ಮತ್ತೆ ಹೊರಟರೆ, ಮೈಸೂರೋ ಧಾರವಾಡವೋ ಯಾವುದಕ್ಕಾದರೂ ಅರ್ಜಿ ಹಾಕಿ.